ಊರಾಗ ಇಲ್ಲದವರ ಪಾಲು

ಪುಂಡಿಯ ದಂಟು ಮುರಿದರೆ ಒಂದು ಹುಳಿ ವಾಸನೆ ಬರುತ್ತದೆ. ಅದು ಮೂಗಿಗಿಂತ ಮೊದಲು ಹಲ್ಲಿಗೆ ತಿಳಿಯುತ್ತದೆ. ಹೋದ ವಾರ ಜಹೀರಾಬಾದಿನ ನಿಲ್ದಾಣದಲ್ಲಿ ಮೊಗುಡಂಪಲ್ಲಿ ಬಸ್ಸಿಗೆ ಕಾಯುತ್ತ ಕುಳಿತಿದ್ದೆ. ಯಾರೋ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿದ ಪುಂಡಿಪಲ್ಯದ ಹೊರೆಯನ್ನು ಪಕ್ಕದಲ್ಲಿ ಇಳಿಸಿದರು. ಒಂದೆರಡು ದಂಟು ಮುರಿದವು. ನನ್ನ ಬಾಯಲ್ಲಿ ನೀರೂರಿತು, ಆಮೇಲೆ ಕಣ್ಣಲ್ಲಿ. ಎದ್ದು ಸ್ವಲ್ಪ ದೂರ ಹೋಗಿ ನಿಂತೆ.

ನಾನು ಹೊರಟಿದ್ದು ಒಂದು ಮಾತು ಹೇಳಿ ಬರಲು. ಮೊಗುಡಂಪಲ್ಲಿಯ ಹತ್ತಿರ ಮಾಣಿಕಮ್ಮನ ಹೊಲದಲ್ಲಿ ನಮ್ಮ ಮನೆಯದೊಂದು ಪಾಲು ಇದೆ. ಹೊಲ ನಮ್ಮದಲ್ಲ, ಅದರಲ್ಲಿ ಬೆಳೆಯುವುದರಲ್ಲಿ ಒಂದು ಪಾಲು ನಮ್ಮದು. ಅದನ್ನು ಹಿಡಿದವಳು ನನ್ನ ಹೆಂಡತಿ ಮಹಾನಂದಾ. ಈ ಸಲದ ಶಿವರಾತ್ರಿಗೆ ಮುಂಚೆ ಅವಳು ತೀರಿಕೊಂಡಳು. ಮೃಗಶಿರಾ ಬಂತು, ಬಿತ್ತನೆ ಆಯಿತು, ನಾನು ಹೊಲದ ಕಡೆ ಹೋಗಲಿಲ್ಲ. ತಾಂಡೂರಿನಲ್ಲಿರುವ ಮಗಳು ಫೋನಿನಲ್ಲಿ ಹೇಳಿದಳು.

"ಪಪ್ಪಾ, ಒಬ್ರಿಗೆ ಎಷ್ಟ ಪಲ್ಯ ಬೇಕು? ಆ ಪಾಲ ಬಿಟ್ಟುಬಿಡ್ರಿ. ಬ್ಯಾರೆ ಯಾರಿಗಾರ ಆಗ್ತದ."

ಅದು ಸರಿ ಎನಿಸಿತ್ತು. ಅದನ್ನೇ ಹೇಳಲು ಹೊರಟಿದ್ದೆ. ಆದರೆ ಆ ವಾಸನೆ ನನ್ನನ್ನು ಮೊಗುಡಂಪಲ್ಲಿಗೆ ಮುಟ್ಟಿಸುವ ಮೊದಲೇ ಬೇರೆ ಕಡೆ ಒಯ್ದಿತು. ಪಾಲು ಹಿಡಿದ ಮೊದಲ ವರ್ಷಕ್ಕೆ. ತೆಲಂಗಾಣ ಬೇಕು ಎಂದು ಬಸ್ಸು, ಶಾಲೆ, ಕಚೇರಿ ಎಲ್ಲ ನಿಂತುಹೋದ ವರ್ಷಕ್ಕೆ.

ಆಗ ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಕೆಲವು ದಿನ ನಾರಾಯಣಖೇಡ, ಕೆಲವು ದಿನ ಮೊಗುಡಂಪಲ್ಲಿ. ಮೊಗುಡಂಪಲ್ಲಿಯಿಂದ ಹೊರಡುವ ಬೆಳಗಿನ ಬಸ್ಸಿಗೆ ಮಾಣಿಕಮ್ಮ ಪಲ್ಯದ ಪುಟ್ಟಿ ಹೊತ್ತು ಹತ್ತುತ್ತಿದ್ದಳು. ಜಹೀರಾಬಾದಿನ ನಿಲ್ದಾಣದ ಹೊರಗೆ ಕುಳಿತು ಮಾರುತ್ತಿದ್ದಳು. ಪುಟ್ಟಿ ದೊಡ್ಡದು. ಅದಕ್ಕೆ ಸಾಮಾನಿನ ಟಿಕೇಟು ಕೊಡುವುದು ನನ್ನ ಕೆಲಸ. ಪ್ರತಿ ಸಲ ತಕರಾರು.

"ಪುಟ್ಟಿಗಿ ಟಿಕೇಟ್ ಕೊಟ್ಟೀರಿ, ಕಂಡಕ್ಟರ್ ಸಾಬ್. ಪುಟ್ಟೀದ ಸೀಟ್ ಎಲ್ಲದ, ತೋರಸ್ರಿ."

ಒಂದು ದಿನ ಅವಳು ನಿಜವಾಗಿಯೂ ಪುಟ್ಟಿಯನ್ನು ಸೀಟಿನ ಮೇಲೆ ಕೂರಿಸಿ ತಾನು ಪಕ್ಕದಲ್ಲಿ ನಿಂತಳು. ಯಾರೋ ಜಾಗ ಕೇಳಿದರೆ, "ಟಿಕೇಟ್ ಅದ ಅದರ ಹತ್ರ. ಕುಂದ್ರಲಿ ಬಿಡ್ರಿ" ಅಂದಳು. ಬಸ್ಸಿನವರೆಲ್ಲ ನಕ್ಕರು. ಮನೆಗೆ ಬಂದು ಇದನ್ನು ಹೇಳಿದಾಗ ಮಹಾನಂದಾ ರೊಟ್ಟಿ ಬಡಿಯುವುದು ನಿಲ್ಲಿಸಿ ನಕ್ಕಳು. ಮರುದಿನ ಆ ಪುಟ್ಟಿಯವಳನ್ನು ನೋಡಬೇಕೆಂದು ನಿಲ್ದಾಣಕ್ಕೆ ಬಂದಳು. ಅಲ್ಲಿಂದ ಅವರಿಬ್ಬರ ಗೆಳೆತನ.

ಆ ಬೇಸಿಗೆಯಲ್ಲಿ ಮಾಣಿಕಮ್ಮ ಒಂದು ದಿನ ಮಹಾನಂದಾಳ ಮುಂದೆ ಮನೆಯ ಚಿಂತೆ ಹೇಳಿಕೊಂಡಳಂತೆ. ಅವಳ ಹೊಲ ಎರಡು ಎಕರೆ, ಕೆಂಪು ನೆಲ. ಅದರಲ್ಲಿ ಅವಳು ಅಕ್ಕಡಿ ಬಿತ್ತುತ್ತಿದ್ದಳು. ಸಜ್ಜೆ, ತೊಗರಿ ಸಾಲಾಗಿ, ನಡುನಡುವೆ ಹೆಸರು, ಅಲಸಂದಿ, ಉದ್ದು, ಬದುವಿನಲ್ಲಿ ಪುಂಡಿ, ಅವರೆ, ಹೀರೆ. ಒಂದು ಹೋದರೆ ಇನ್ನೊಂದು ಇರುತ್ತಿತ್ತು. ಮಗ ಸಿದ್ಧಾರ್ಥನಿಗೆ ಇಪ್ಪತ್ತೈದರ ಆಸುಪಾಸು, ಡಿಗ್ರಿ ಮುಗಿಸಿದ್ದ. ಹೊಲವೆಲ್ಲ ಹತ್ತಿ ಹಾಕೋಣ ಎಂದು ಅವನ ಹಟ. ಪುಟ್ಟಿ ಹೊತ್ತು ಬಸ್ಸಿನಲ್ಲಿ ನಗೆಪಾಟಲಾಗುವ ತಾಯಿಯನ್ನು ನೋಡಿ ಅವನಿಗೆ ಸಾಕಾಗಿತ್ತು. ಅದು ತಪ್ಪೆಂದು ಈಗಲೂ ಹೇಳಲಾರೆ.

ಮಹಾನಂದಾ ನಮ್ಮ ಓಣಿಯ ನರ್ಸ್ ಸರೋಜಾಳಿಂದ ಒಂದು ಸಂಗತಿ ಕೇಳಿದ್ದಳು. ಹೈದರಾಬಾದಿನಲ್ಲಿ ಕೆಲವರು ಬಿತ್ತನೆಗೆ ಮೊದಲೇ ರೈತರಿಗೆ ಹಣ ಕೊಟ್ಟು, ವರ್ಷವಿಡೀ ಹೊಲದಲ್ಲಿ ಬಂದದ್ದನ್ನು ಹಂಚಿಕೊಳ್ಳುತ್ತಾರಂತೆ. ಇವಳು ಹಾಗೆ ಹಣ ಹಾಕುವ ಆರು ಮನೆ ಕೂಡಿಸಿದಳು. ನಮ್ಮದು, ಸರೋಜಾಳದು, ಟೇಲರನ ಹೆಂಡತಿ ಸುಶೀಲಾಳದು, ಹಿಟ್ಟಿನ ಗಿರಣಿಯ ಭಾರತಿಯದು, ಮಸೀದಿಯ ಹಿಂದಿನ ಖಾಲಾಳದು, ಎದುರು ಮನೆಯ ವರಲಕ್ಷ್ಮಿಯದು. ವರಲಕ್ಷ್ಮಿಯ ಗಂಡ ಬ್ಯಾಂಕಿನವನು, ಗುಂಟೂರಿನ ಕಡೆಯವರು.

ಒಂದು ರವಿವಾರ ನಾವಿಬ್ಬರೂ ಮಾಣಿಕಮ್ಮನ ಮನೆಗೆ ಹೋದೆವು. ಬುದ್ಧನ ಪಟದ ಕೆಳಗೆ ಚಾಪೆ ಹಾಸಿ ಕೂರಿಸಿದರು. ಚಹಾ ಬಂತು. ಮಹಾನಂದಾ ನೇರವಾಗಿ, "ನಿಮ್ಮ ಹೊಲದಾಗ ನಮಗ ಆರು ಪಾಲ ಕೊಡ್ರಿ" ಅಂದಳು.

ಸಿದ್ಧಾರ್ಥನ ಕೈಯಲ್ಲಿದ್ದ ಕಪ್ಪು ಅಲ್ಲೇ ನಿಂತಿತು. "ಪಾಲಾ? ಯಾವ ಲೆಕ್ಕದಾಗ? ನೀವು ನಮಗೇನ್ ಆಗಬೇಕು?"

ನಮ್ಮ ಕಡೆ ಹೊಲದಲ್ಲಿ ಪಾಲು ಕೇಳುವವರು ಅಣ್ಣತಮ್ಮಂದಿರು. ಕೇಳಿದರೆಂದರೆ ಮನೆ ಒಡೆಯಿತೆಂದೇ ಅರ್ಥ. ಬಾಗಿಲಲ್ಲಿದ್ದ ನೆರೆಮನೆಯವಳು ಅಷ್ಟು ಕೇಳಿಕೊಂಡು ಹೋದಳು. ಪಟ್ಟಣದ ಕಂಡಕ್ಟರನ ಹೆಂಡತಿ ಮಾಣಿಕಮ್ಮನ ಹೊಲದಲ್ಲಿ ಪಾಲು ಕೇಳಾಕ ಬಂದಾಳ ಎಂದು ನಾವು ಚಹಾ ಮುಗಿಸುವಷ್ಟರಲ್ಲಿ ಊರು ತುಂಬಿತ್ತು. ಇಬ್ಬರು ಹಿರಿಯರು ಕೋಲೂರಿಕೊಂಡು ನೋಡಲೂ ಬಂದರು. ಅವರಿಗೆ ತಿಳಿಹೇಳುವಷ್ಟರಲ್ಲಿ ಮಹಾನಂದಾಳ ಗಂಟಲು ಒಣಗಿತು. ಕಡೆಗೆ ಒಬ್ಬ ಹಿರಿಯ, "ಹೊಲ ಬ್ಯಾಡ, ಬರೇ ತಿನ್ನಾಕ ಪಾಲಾ? ಹಂಗಂದ್ರ ಹಕ್ಕಿ ಪಾಲ ಅಂತ ಅನ್ರಿ" ಅಂದ. ಎಲ್ಲರೂ ನಕ್ಕರು, ಸಿದ್ಧಾರ್ಥನೊಬ್ಬ ನಗಲಿಲ್ಲ.

ಆದರೆ ಒಪ್ಪಿದ. ಅವನ ಷರತ್ತು ಹೀಗಿತ್ತು.

"ಒಂದ ವರ್ಷ ನೋಡ್ತೀನಿ. ಎಳ್ಳ ಅಮಾಸಿ ತನಕ. ವಾರಾ ವಾರಾ ಆರು ಪಾಲ ಹಾಕ್ತೇವಿ. ಏನ್ ಬೆಳೀತದ ಅದ ಒಯ್ಬೇಕು, ಇದು ಬೇಕು ಅದು ಬ್ಯಾಡ ಅನ್ನಂಗಿಲ್ಲ. ಒಂದ ಪಾಲ ನೆಲದ ಮ್ಯಾಲ ಉಳೀತಂದ್ರ ಬರೋ ವರ್ಷ ಹತ್ತಿ. ಆಗ ಅವ್ವನೂ ಮಾತಾಡಂಗಿಲ್ಲ, ನೀವೂ ಮಾತಾಡಂಗಿಲ್ಲ."

ಮಾಣಿಕಮ್ಮ ಮಗನ ಮುಖ ನೋಡಿದಳು, ಮಹಾನಂದಾಳ ಮುಖ ನೋಡಿದಳು. "ಆತು" ಅಂದಳು.

ಮೃಗಶಿರಾದ ಮಳೆ ಆ ವರ್ಷ ತಡಮಾಡಿ ಬಂದರೂ ಸರಿಯಾಗಿ ಬಂತು. ಆರು ಮನೆಯ ಹೆಂಗಸರೂ ಒಂದೊಂದು ದಿನ ಕಳೆ ತೆಗೆಯಲು ಹೋದರು. ಮೊದಲ ಪಾಲು ಬೀಳುವ ಹಿಂದಿನ ದಿನ ಮಹಾನಂದಾ ತನ್ನ ಹರಕು ತೆಲುಗಿನಲ್ಲಿ ವರಲಕ್ಷ್ಮಿಗೆ, "ರೇಪು ಪಾಲು ವಸ್ತಾಯಿ" ಎಂದು ಹೇಳಿ ಬಂದಳು. ನಾಳೆ ಪಾಲು ಬರುತ್ತವೆ ಎಂದು ಇವಳ ಅರ್ಥ. ತೆಲುಗಿನಲ್ಲಿ ಪಾಲು ಅಂದರೆ ಹಾಲೂ ಹೌದು. ಮರುದಿನ ಸಂಜೆ ವರಲಕ್ಷ್ಮಿ ತೊಳೆದು ಹೊಳೆಯುವ ಸ್ಟೀಲಿನ ಕ್ಯಾನು ಹಿಡಿದು ನಮ್ಮ ಅಂಗಳದಲ್ಲಿ ನಿಂತಳು.

"ಪಾಲು ಎಕ್ಕಡಂಡಿ?" ಹಾಲು ಎಲ್ಲಿ ಎಂದು.

ಮಹಾನಂದಾ ತಾಂಡೂರ ಕಲ್ಲು ಹಾಸಿದ ಅಂಗಳದ ಮೇಲಿದ್ದ ಒಂದು ಹಸಿರು ಗುಡ್ಡೆ ತೋರಿಸಿದಳು. ಅದರಲ್ಲಿ ಇದ್ದದ್ದು ಅಣ್ಣೆಸೊಪ್ಪು, ಗೋಣಿಪಲ್ಯ, ಎಳೆ ಚಗಚಿ. ಬಿತ್ತಿದ್ದು ಇನ್ನೂ ಮೊಳಕೆಯ ಮೇಲಿತ್ತು. ಬಿತ್ತದೆ ಹುಟ್ಟಿದ್ದನ್ನೇ ಮಾಣಿಕಮ್ಮ ಮೊದಲ ಪಾಲಾಗಿ ಹಾಕಿದ್ದಳು. ವರಲಕ್ಷ್ಮಿ ಕ್ಯಾನಿನೊಳಗೆ ನೋಡಿದಳು, ಗುಡ್ಡೆ ನೋಡಿದಳು. ಖಾಲಾ ನಗು ತಡೆಯದೆ ಗೋಡೆ ಹಿಡಿದು ಕುಳಿತಳು.

"ಅರೇ ನಂದಾ, ಯೇ ತೋ ಬಕ್ರೀ ಕಾ ಖಾನಾ ಹೈ. ನನ್ನ ಆಡು ಕರಕೊಂಡ ಬರ್ಲಿ?"

ಆದರೂ ಯಾರೂ ಬಿಟ್ಟುಹೋಗಲಿಲ್ಲ. ಆ ಕಸದ ಪಲ್ಯಕ್ಕೆ ಬೇಳೆ ಬೆಳ್ಳುಳ್ಳಿ ಹಾಕಿ ಮಹಾನಂದಾ ಎಲ್ಲರ ಮನೆಗೂ ಒಂದೊಂದು ಬಟ್ಟಲು ಕಳಿಸಿದಳು. ಮುಂದಿನ ವಾರಗಳಲ್ಲಿ ಎಳೆ ಅಲಸಂದಿ ಬಂತು, ಹಸಿ ಹೆಸರಿನ ಕಾಯಿ ಬಂತು. ಶ್ರಾವಣದಲ್ಲಿ ಸವತಿಕಾಯಿ ಬಂತು, ಅಷ್ಟೂ ವಿಷದಂತೆ ಕಹಿ. ಖಾಲಾ ಒಂದು ಸವತಿಕಾಯಿ ಸೆರಗಿನಲ್ಲಿ ಕಟ್ಟಿಕೊಂಡು ಹೊಲಕ್ಕೇ ಹೋದಳು. "ತೂ ಖಾಕೆ ದೇಖ್, ಮಾಣಿಕಮ್ಮಾ. ನೀನೇ ತಿಂದ ನೋಡು" ಎಂದು ಕೈಗೆ ಕೊಟ್ಟಳು. ಮಾಣಿಕಮ್ಮ ಮುಖ ಕದಲಿಸದೆ ಪೂರ್ತಿ ತಿಂದಳು. "ಎಲ್ಲದ ಕಹಿ? ನಿಮ್ಮ ಪಟ್ಟಣದ ನಾಲಿಗೀದ್ದು ಕಹಿ" ಅಂದಳು. ಆಮೇಲೆ ಮೆಲ್ಲಗೆ ಬೇವಿನ ಮರದ ಹಿಂದೆ ಹೋಗಿ ಅರ್ಧ ಕೊಡ ನೀರು ಕುಡಿದಳೆಂದು ಖಾಲಾ ಇಡೀ ಓಣಿಗೆ ಹೇಳಿದಳು.

ಪಾಲು ಹಾಕುವ ರೀತಿಯೊಂದಿತ್ತು. ಬೇವಿನ ಮರದ ಕೆಳಗೆ ಹಳೆಯ ಸೀರೆ ಹಾಸಿ ಮಾಣಿಕಮ್ಮ ಏಳು ಗುಡ್ಡೆ ಮಾಡುತ್ತಿದ್ದಳು. ಆರು ಮನೆಯವು. ಏಳನೆಯದು ಹಾದಿ ಪಾಲು. ಹೋಗುವಾಗ ದಾರಿಯಲ್ಲಿ ಸಿಕ್ಕವರಿಗೆ ಕೊಡುವುದು. ಗುಡ್ಡೆ ಎಷ್ಟು ಸಮ ಮಾಡಿದರೂ ಒಂದು ದೊಡ್ಡದು ಒಂದು ಸಣ್ಣದು ಆಗುತ್ತದೆ. ಅದಕ್ಕೆ ಒಬ್ಬರು ಬೆನ್ನು ತಿರುಗಿಸಿ ನಿಲ್ಲಬೇಕು. ಇನ್ನೊಬ್ಬರು ಒಂದು ಗುಡ್ಡೆ ಮುಟ್ಟಿ, "ಇದು ಯಾರ್ದು?" ಎನ್ನಬೇಕು. ಬೆನ್ನು ತಿರುಗಿಸಿದವರು ಬಾಯಿಗೆ ಬಂದ ಹೆಸರು ಕೂಗಬೇಕು. ಕೂಗಿದ ಮೇಲೆ ಬದಲಿಲ್ಲ. ಹೊಲ ಪಾಲಾಗುವಾಗಲೂ, ಬೇಟೆ ಪಾಲಾಗುವಾಗಲೂ ನಮ್ಮ ಕಡೆ ಹೀಗೆಯೇ. ಬೆನ್ನು ತಿರುಗಿಸುವವಳು ಯಾವಾಗಲೂ ಮಹಾನಂದಾ. ರಸ್ತೆಯ ಕಡೆ ಮುಖ ಮಾಡಿ, ಸೊಂಟದ ಮೇಲೆ ಕೈಯಿಟ್ಟು, ಶಾಲೆಯ ಹಾಜರಿಯಂತೆ ಕೂಗುತ್ತಿದ್ದಳು. ತನ್ನ ಹೆಸರನ್ನೂ ಹಾಗೆಯೇ, ಬೇರೆ ಯಾರದೋ ಎಂಬಂತೆ, "ಮಹಾನಂದಾ" ಎಂದು ಪೂರ್ತಿಯಾಗಿ. ಮನೆಯಲ್ಲಿ ನಾನು ನಂದಾ ಎನ್ನುತ್ತಿದ್ದೆ. ಪೂರ್ತಿ ಹೆಸರು ಕೇಳುತ್ತಿದ್ದದ್ದು ಆ ಬೇವಿನ ಕೆಳಗೆ ಮಾತ್ರ.

ಗಂಟುಗಳು ಬಸ್ಸಿನಲ್ಲಿ ಬರುತ್ತಿದ್ದವು. ಭಾದ್ರಪದ ಕಳೆಯುವ ಹೊತ್ತಿಗೆ ಬಸ್ಸು ನಿಂತವು.

ಸಮ್ಮೆಗೆ ನಾನೂ ಸೇರಿದೆ. ಡಿಪೋದ ಮುಂದೆ ಟೆಂಟಿನಲ್ಲಿ ದಿನಾ ಸ್ವಲ್ಪ ಹೊತ್ತು ಕೂರುವುದು, ಘೋಷಣೆ ಕೂಗುವುದು, ಆಮೇಲೆ ಮನೆ. ಸಂಬಳವಿಲ್ಲ. ಮದುವೆಯಾಗಿ ಇಪ್ಪತ್ತು ವರ್ಷದ ಮೇಲಾಗಿತ್ತು. ಹಗಲು ಹೊತ್ತಿನಲ್ಲಿ ನಮ್ಮ ಮನೆ ಹೇಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಬೆಳಗಿನ ಬಸ್ಸಿಗೆ ಹೋದರೆ ಕತ್ತಲಾದ ಮೇಲೆ ಬರುವವನು ನಾನು. ಹನ್ನೊಂದು ಗಂಟೆಗೆ ಅಂಗಳದ ಕಲ್ಲಿನ ಮೇಲೆ ಬಿಸಿಲು ಬರುತ್ತದೆ, ಅಲ್ಲಿ ಮಹಾನಂದಾ ಕಾಲು ಚಾಚಿ ಕುಳಿತು ಪಲ್ಯ ಸೋಸುತ್ತಾಳೆ, ಸೋಸುವಾಗ ತನ್ನಷ್ಟಕ್ಕೆ ತಾನೇ ಮಾತಾಡುತ್ತಾಳೆ. ಇದೆಲ್ಲ ನಾನು ನೋಡಿದ್ದು ಆಗ.

"ಏನ್ರಿ, ಸುಮ್ಮ ಕುಂತೀರಿ? ಬರ್ರಿ, ಪುಂಡಿ ಎಲಿ ಬಿಡಸ್ರಿ."

ಬಿಡಿಸಿದೆ. ದಂಟೂ ಎಲೆಯೂ ಒಂದೇ ಕಡೆ ಹಾಕಿದೆ. "ಇಪ್ಪತ್ತ ವರ್ಷ ಟಿಕೇಟ್ ಹರದ ಕೈ ಇದು, ಎಲ್ಲ ಹರೀತದ" ಅಂದಳು.

ಬಸ್ಸಿಲ್ಲವೆಂದು ಪಾಲು ನಿಲ್ಲುವಂತಿರಲಿಲ್ಲ. ನಮ್ಮ ಹಳೆಯ ಮೊಪೆಡ್ ತೆಗೆದೆವು. ಅವಳು ಹಿಂದೆ ಕುಳಿತು ಗಂಟುಗಳನ್ನು ಮಡಿಲಲ್ಲಿಟ್ಟುಕೊಂಡರೆ ನನ್ನ ಬೆನ್ನಿಗೆ ತಣ್ಣಗೆ ಒತ್ತುತ್ತಿದ್ದವು. ಏರಿನಲ್ಲಿ ಮೊಪೆಡ್ ಹತ್ತುತ್ತಿರಲಿಲ್ಲ; ಅವಳು ಇಳಿದು ನಡೆಯುತ್ತಿದ್ದಳು, ನಾನು ತಳ್ಳುತ್ತಿದ್ದೆ. ಎರಡೂ ಕಡೆ ಸಜ್ಜೆಯ ತೆನೆ ಬಲಿತಿತ್ತು. ಗುಬ್ಬಿಗಳು ಅದರ ಮೇಲೆ ಕೂತು ತೂಗಾಡುತ್ತಿದ್ದವು. "ಬಸ್ಸಿನ್ಯಾಗ ಇದೆಲ್ಲ ಕಾಣಂಗಿಲ್ಲ ನೋಡ್ರಿ" ಅಂದಳು ಒಮ್ಮೆ. ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಸೀಟೇ ಬೇಕು. ಸಿಗದಿದ್ದರೆ ಇಳಿದು ಮುಂದಿನ ಬಸ್ಸಿಗೆ ಕಾಯುತ್ತಿದ್ದಳು. ಕಂಡಕ್ಟರನ ಹೆಂಡತಿಯಾಗಿ ಅಷ್ಟಾದರೂ ಹಕ್ಕಿಲ್ಲವೇ ಎಂದು ಕೇಳುತ್ತಿದ್ದಳು.

ಒಂದು ಶನಿವಾರ ಹೆದ್ದಾರಿ ಕೂಡುವಲ್ಲಿ ರಸ್ತೆ ಬಂದಾಗಿತ್ತು. ರಸ್ತೆಯ ಮೇಲೆಯೇ ಒಲೆ ಹೂಡಿ, ಅಡುಗೆ ಮಾಡಿ, ಅಲ್ಲೇ ಸಾಲಾಗಿ ಕುಳಿತು ಉಣ್ಣುವುದು ಆ ದಿನಗಳ ಹೋರಾಟದ ಒಂದು ರೀತಿ. ಅಡ್ಡಲಾಗಿ ಕಲ್ಲು ಇಟ್ಟಿದ್ದರು. ದೊಡ್ಡ ಬೋಗುಣಿಯಲ್ಲಿ ಅನ್ನ ಕುದಿಯುತ್ತಿತ್ತು. ಹಿಂದೆ ಲಾರಿಗಳು ಕಣ್ಣು ಮುಟ್ಟುವವರೆಗೆ ನಿಂತಿದ್ದವು. ಬಿಸಿಲು ಏರಿತ್ತು, ಗಂಟುಗಳ ಮೇಲೆ ಹಾಕಿದ್ದ ಒದ್ದೆ ಬಟ್ಟೆ ಒಣಗುತ್ತಿತ್ತು. ಇನ್ನೊಂದು ತಾಸು ನಿಂತರೆ ಪಲ್ಯ ಬಾಡುವುದು ಖಂಡಿತ. ಬಾಡಿದ್ದನ್ನು ಯಾವ ಮನೆಯವರಾದರೂ ಬೇಡ ಎಂದರೆ ಅಲ್ಲಿಗೆ ಮುಗಿಯಿತು.

ಒಲೆಯ ಹತ್ತಿರ ಸೌಟು ಹಿಡಿದು ನಿಂತವನು ಸಿದ್ಧಾರ್ಥ. ನಮ್ಮನ್ನು ನೋಡಿದ, ಗಂಟು ನೋಡಿದ. ಅವನ ಗೆಳೆಯನೊಬ್ಬ, "ಯಾರನ್ನೂ ಬಿಡಬ್ಯಾಡ್ರಿ" ಎಂದು ಕೂಗಿದ. ಸಿದ್ಧಾರ್ಥ ಅನ್ನ ತಿರುವಿದ. ಸುಮ್ಮನೆ ನಿಂತರೆ ಸಾಕಿತ್ತು, ಹತ್ತಿ ಅವನ ಹೊಲಕ್ಕೆ ತಾನಾಗಿ ಬರುತ್ತಿತ್ತು.

ಮಹಾನಂದಾ ಮೊಪೆಡ್ಡಿನಿಂದ ಇಳಿದಳು. ಏಳನೆಯ ಗಂಟು ಬಿಚ್ಚಿದಳು.

"ತಮ್ಮಾ, ಬರೇ ಅನ್ನ ಉಂತೀರೇನು? ತಗೋ, ಹಾದಿ ಪಾಲ ಇದು. ಹಾದಿ ಮ್ಯಾಲ ನೀವೇ ಕುಂತೀರಿ, ನಿಮ್ದೇ ಆತು."

ಹುಡುಗರು ನಕ್ಕರು. ಯಾರೋ ಪುಂಡಿ ತೊಳೆದರು, ಯಾರೋ ಬೇಳೆಗೆ ಹಾಕಿದರು. ಅದು ಬೇಯುವವರೆಗೆ ಯಾರೂ ಕೇಳದೆಯೇ ಮಹಾನಂದಾ ಒಲೆಯ ಉಸ್ತುವಾರಿ ಹಿಡಿದಳು. ಉಪ್ಪು ಕಡಿಮೆ ಅಂದಳು, ಉರಿ ಕಡಿಮೆ ಮಾಡಿಸಿದಳು. ಕೆಲಸ ನಿಂತ ಮೇಷ್ಟ್ರು, ಗುಮಾಸ್ತರು, ಲಾರಿಯ ಡ್ರೈವರುಗಳು, ನಾವಿಬ್ಬರು, ಎಲ್ಲರೂ ಡಾಂಬರಿನ ಮೇಲೆ ಕುಳಿತು ಉಂಡೆವು. ಎಲೆ ಕಡಿಮೆ ಬಿದ್ದವು. ನಾನೂ ಅವಳೂ ಒಂದೇ ಎಲೆಯಲ್ಲಿ ಉಂಡೆವು. ಮದುವೆಯ ದಿನ ಹಾಗೆ ಉಂಡದ್ದು ಬಿಟ್ಟರೆ ಅದೇ. "ಜರಾ ಸರೀರಿ, ಅನ್ನಾ ನನ್ನ ಕಡಿ ಬರ್ಲಿ" ಎಂದು ಮೊಣಕೈಯಿಂದ ತಿವಿದಳು. ಪುಂಡಿ ಹುಳಿಗೆ ನನ್ನ ಕಣ್ಣು ಮುಚ್ಚಿದವು.

ಊಟ ಮುಗಿದ ಮೇಲೆ ಸಿದ್ಧಾರ್ಥ ತಾನೇ ಹೋಗಿ ಎರಡು ಕಲ್ಲು ಸರಿಸಿದ, ಮೊಪೆಡ್ ಹೋಗುವಷ್ಟು ಮಾತ್ರ. "ಅಕ್ಕಾ, ಇವತ್ತ ಬಿಟ್ಟೀನಿ" ಅಂದ. "ಷರತ್ತ ಬಿಟ್ಟಿಲ್ಲ."

ಅದರ ಮುಂದಿನ ವಾರ ವರಲಕ್ಷ್ಮಿ ಊರಿಗೆ ಹೋದಳು.

ಅವಳಿಗೆ ಯಾರೂ ಏನೂ ಮಾಡಿರಲಿಲ್ಲ. ಆದರೆ ದಿನಾ ಮೆರವಣಿಗೆ ಅವರ ಬಾಗಿಲ ಮುಂದೆಯೇ ಹೋಗುತ್ತಿತ್ತು. ಆಂಧ್ರದವರು ಹೋಗಲಿ ಎಂಬ ಕೂಗು ಕಿಟಕಿ ಮುಚ್ಚಿದರೂ ಕೇಳುತ್ತಿತ್ತು. ಕೂಗುವವರಲ್ಲಿ ಕೆಲವು ದಿನ ನಾನೂ ಇದ್ದೆ. ಅವರ ಬಾಗಿಲು ಬಂದಾಗ ನನ್ನ ದನಿ ತಾನಾಗಿ ತಗ್ಗುತ್ತಿತ್ತು. ಅವಳು ಹೊರಗೆ ಬರುವುದು ನಿಲ್ಲಿಸಿದಳು. ಮಹಾನಂದಾ ಅವಳ ಗುಡ್ಡೆಯನ್ನು ಹಿತ್ತಲ ಬಾಗಿಲಿಂದ ಕೊಟ್ಟು ಬರುತ್ತಿದ್ದಳು. ಅಲ್ಲಿಯೂ ಇಬ್ಬರದೂ ಒಂದೇ ಜಗಳ. ವರಲಕ್ಷ್ಮಿ ಪುಂಡಿಯನ್ನು ಗೋಂಗೂರ ಎನ್ನುತ್ತಿದ್ದಳು, ಅದು ತಮ್ಮ ಗುಂಟೂರಿನದು ಎನ್ನುತ್ತಿದ್ದಳು. "ನಿಮ್ಮ ಗೋಂಗೂರಕ್ಕ ಅಷ್ಟು ಎಣ್ಣಿ ಬೇಕು. ನಮ್ಮ ಪುಂಡಿ ಹಸೀದೇ ಛಲೋ" ಎಂದು ಇವಳು. ಒಂದು ಬೆಳಿಗ್ಗೆ ಎದುರು ಮನೆಗೆ ಬೀಗ ಬಿದ್ದಿತ್ತು. ಗಂಡ ಅವಳನ್ನು ತವರಿಗೆ ಕರೆದೊಯ್ದಿದ್ದ. ಯಾವಾಗ ಬರುತ್ತಾರೆ, ಬರುತ್ತಾರೋ ಇಲ್ಲವೋ, ಯಾರಿಗೂ ಗೊತ್ತಿರಲಿಲ್ಲ.

ಆ ಶನಿವಾರ ನಾವಿಬ್ಬರೂ ಹೊಲಕ್ಕೆ ಹೋದೆವು. ಬೇವಿನ ಕೆಳಗೆ ಸಿದ್ಧಾರ್ಥ ಆಗಲೇ ಬಂದು ಕುಳಿತಿದ್ದ. ಸುದ್ದಿ ಅವನಿಗೂ ಮುಟ್ಟಿತ್ತು. "ಇವತ್ತ ಪಾಲ ನಾ ಮುಟ್ಟತೀನಿ" ಅಂದ. ಮಾಣಿಕಮ್ಮ ಗುಡ್ಡೆ ಮಾಡಿ, ಕೈ ಒರೆಸಿಕೊಂಡು ದೂರ ಸರಿದಳು. ಮಹಾನಂದಾ ಬೆನ್ನು ತಿರುಗಿಸಿ ನಿಂತಳು.

"ಇದು ಯಾರ್ದು?"

"ಸುಶೀಲಾ."

"ಇದು?"

"ಖಾಲಾ."

ಸರೋಜಾ ಆಯಿತು, ಭಾರತಿ ಆಯಿತು, ಮಹಾನಂದಾ ಆಯಿತು. ಹಾದಿ ಪಾಲು ಬಿಟ್ಟರೆ ಒಂದು ಉಳಿಯಿತು. ಸಿದ್ಧಾರ್ಥ ಅದರ ಮೇಲೆ ಕೈಯಿಟ್ಟ.

"ಇದು ಯಾರ್ದು?"

"ವರಲಕ್ಷ್ಮಿ."

"ಆಕಿ ಊರಾಗ ಇಲ್ಲ, ಅಕ್ಕಾ."

ಮಹಾನಂದಾ ತಿರುಗಲಿಲ್ಲ. ರಸ್ತೆಯ ಕಡೆಯೇ ನೋಡುತ್ತ ಹೇಳಿದಳು, "ಊರಾಗ ಇಲ್ಲ. ಪಾಲಿನ್ಯಾಗೂ ಇಲ್ಲ ಅಂತ ಯಾರ ಅಂದ್ರು? ನಿಮ್ಮ ಕಾಕಾ ದುಡ್ಯಾಕ ಪುಣೆಕ್ಕ ಹೋಗ್ಯಾನ. ಹೊಲ ಪಾಲ ಮಾಡುವಾಗ ಅವನ ಹೆಸರ ಕೂಗಿದ್ರಾ ಇಲ್ಲಾ?"

ಸಿದ್ಧಾರ್ಥ ತಾಯಿಯ ಕಡೆ ನೋಡಿದ.

"ಕೂಗಿದ್ವಿ" ಅಂದಳು ಮಾಣಿಕಮ್ಮ. "ಅವಾ ಇನ್ನಾ ಬಂದಿಲ್ಲ. ಅವನ ತುಂಡು ಹಂಗೇ ಅದ. ನಾವೇ ಬಿತ್ತಿ ಕಾಳ ತಗದ ಇಟ್ಟೀವಿ."

"ಅಂದಮ್ಯಾಲ?" ಅಂದಳು ಮಹಾನಂದಾ.

ಬೇವಿನಲ್ಲಿ ಗಾಳಿ ಆಡುತ್ತಿತ್ತು. ಸಿದ್ಧಾರ್ಥ ಆ ಗುಡ್ಡೆಯನ್ನು ಬಟ್ಟೆಗೆ ಹಾಕಿದ. ಆಮೇಲೆ ಬಟ್ಟೆಯ ನಾಲ್ಕು ತುದಿ ಕೂಡಿಸಿ ಗಂಟು ಹಾಕಿ ಬೇರೆ ಗಂಟುಗಳ ಜೊತೆಗಿಟ್ಟ.

ಅಲ್ಲಿಂದ ವಾರವಾರ ವರಲಕ್ಷ್ಮಿಯ ಹೆಸರು ಕೂಗಿದಳು. ಆ ಪಾಲು ನಮ್ಮ ಮನೆಗೆ ಬರುತ್ತಿತ್ತು, ಆದರೆ ನಾವು ಉಣ್ಣುತ್ತಿರಲಿಲ್ಲ. ಸಂಬಳವಿಲ್ಲದ ಆ ದಿನಗಳಲ್ಲಿ ಒಮ್ಮೆ ನಾನು, "ಇಷ್ಟ ಅದ, ಜ್ವಾಳದ ರೊಟ್ಟಿಗಿ ಒಂದ ಹಿಡಿ ತಗೊಂಡ್ರ ಏನಾಗ್ತದ?" ಅಂದೆ. "ಆಕೀದು ಬ್ಯಾರೆ, ನಮ್ದು ಬ್ಯಾರೆ" ಅಂದಳು, ಅಷ್ಟೇ. ಪುಂಡಿಯನ್ನು ಗುಂಟೂರಿನವರು ಮಾಡುವಂತೆ, ತಾನು ಬೈಯುತ್ತಿದ್ದಷ್ಟೇ ಎಣ್ಣೆ ಹಾಕಿ, ಬರಣಿಗೆ ತುಂಬಿದಳು. ಎಣ್ಣೆಯನ್ನು ಗಿರಣಿಯ ಭಾರತಿಯಿಂದ ಕೈಗಡ ತಂದಿದ್ದಳು. ಅಲಸಂದಿಯನ್ನು ಒಣಗಿಸಿದಳು. ಹೀರೆಕಾಯಿ ಒಣಗುವುದಿಲ್ಲವಲ್ಲ, ಅದರ ಬೀಜ ತೆಗೆದು ಬೂದಿ ಹಚ್ಚಿ ಇಟ್ಟಳು. ಅಂಗಳದ ಕಲ್ಲಿನ ಮೇಲೆ ಒಂದು ಕಡೆ ವರಲಕ್ಷ್ಮಿಯದೇ ಜಾಗ ಆಯಿತು. ಮಧ್ಯಾಹ್ನ ನಾನು ಕೋಲು ಹಿಡಿದು ಕೋಳಿ ಓಡಿಸುತ್ತ ಕೂರುತ್ತಿದ್ದೆ.

ದಸರೆಯ ಮೇಲೆ ಸಮ್ಮೆ ಮುಗಿಯಿತು. ಬಸ್ಸು ಹೊರಟವು, ನಾನೂ ಹೊರಟೆ. ಹಗಲಿನ ಮನೆ ಮತ್ತೆ ನನಗೆ ಕಾಣದಾಯಿತು.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಎದುರು ಮನೆಯ ಬೀಗ ತೆರೆಯಿತು. ವರಲಕ್ಷ್ಮಿ ಎರಡು ದಿನ ಹೊರಗೆ ಬರಲಿಲ್ಲ. ಮೂರನೆಯ ದಿನ ಮಹಾನಂದಾ ಬರಣಿ, ಗಂಟು, ಬೀಜ ಎಲ್ಲ ಮುಂಬಾಗಿಲಿಂದಲೇ ಒಯ್ದು ಅವಳ ಮುಂದೆ ಇಟ್ಟಳು. "ನಿನ್ನ ಪಾಲ. ಎಣಿಸ್ಕೊ." ವರಲಕ್ಷ್ಮಿ ಬರಣಿಯ ಮುಚ್ಚಳ ತೆಗೆದು ಬೆರಳಲ್ಲಿ ನೆಕ್ಕಿದಳಂತೆ. ಇನ್ನೊಮ್ಮೆ ನೆಕ್ಕಿದಳಂತೆ. ಕಡೆಗೆ, ಅಷ್ಟರಲ್ಲಿ ಕಲಿತಿದ್ದ ಕನ್ನಡದಲ್ಲಿ, "ಎಣ್ಣಿ ಇನ್ನಾ ಕಡಿಮಿ ಆಯ್ತು ಅಕ್ಕಾ" ಅಂದಳಂತೆ. ಇದನ್ನು ಮಹಾನಂದಾ ನನಗೆ ಎಷ್ಟು ಸಲ ಹೇಳಿ ನಕ್ಕಳೋ.

ಎಳ್ಳ ಅಮಾವಾಸ್ಯೆಗೆ ಆರೂ ಮನೆಯವರು ಹೊಲಕ್ಕೆ ಹೋದೆವು. ಖಾಲಾಳೂ ಬಂದಳು, ಮೊಮ್ಮಕ್ಕಳ ಸಮೇತ. ಆ ದಿನ ಹೊಲದಲ್ಲಿ ಇದ್ದದ್ದೆಲ್ಲ ಕೂಡಿಸಿ ಭಜ್ಜಿ ಮಾಡುತ್ತಾರೆ: ಹಸಿ ತೊಗರಿ, ಅವರೆ, ಕಡಲೆ, ಮೆಂತೆ, ಪುಂಡಿ, ಸಿಕ್ಕಿದ್ದೆಲ್ಲ ಒಂದೇ ಬೋಗುಣಿಯಲ್ಲಿ. ಜೊತೆಗೆ ಸಜ್ಜೆ ರೊಟ್ಟಿ, ಅಂಬಲಿ. ಅಂಬಲಿ ಬಂದದ್ದು ವರಲಕ್ಷ್ಮಿಯ ಸ್ಟೀಲಿನ ಕ್ಯಾನಿನಲ್ಲಿ. ಉಣ್ಣುವ ಮೊದಲು ಹೊಲದ ಸುತ್ತ ಅನ್ನ ಚೆಲ್ಲಬೇಕು, ಅದು ನೆಲದ ಪಾಲು. ಸಿದ್ಧಾರ್ಥ ಚೆಲ್ಲುತ್ತ ಹೋದ, ಮಾಣಿಕಮ್ಮ ಹಿಂದೆ ನೀರು ಹಾಕುತ್ತ ಹೋದಳು. ಷರತ್ತಿನ ದಿನ ಅದೇ ಎಂದು ಎಲ್ಲರಿಗೂ ನೆನಪಿತ್ತು, ಯಾರೂ ಎತ್ತಲಿಲ್ಲ. ಹತ್ತಿಯ ಮಾತು ಬರಲಿಲ್ಲ. ಊಟವಾದ ಮೇಲೆ ಸಿದ್ಧಾರ್ಥ ಒಂದು ತೊಗರಿ ಕಾಯಿ ಸುಲಿಯುತ್ತ, ತಾಯಿಗೆ ಮಾತ್ರ ಕೇಳುವಂತೆ, "ಬೀಜಕ್ಕ ಯಾವ ಸಾಲ ಬಿಡ್ಬೇಕು ಅಂತಿ?" ಅಂದ. ನಾನು ಅವರ ಹಿಂದೆಯೇ ಇದ್ದೆ. ಮಹಾನಂದಾ ಭಜ್ಜಿ ಬಡಿಸುತ್ತ ಇದ್ದವಳು ನನ್ನ ಕಡೆ ನೋಡಿದಳು. ಅವಳಿಗೂ ಕೇಳಿಸಿತ್ತು.

ರಾಜ್ಯ ಆಮೇಲೆ ಬಂತು. ವರಲಕ್ಷ್ಮಿಯ ಗಂಡನಿಗೆ ವರ್ಗವಾಯಿತು. ಖಾಲಾ ತೀರಿಕೊಂಡಳು. ಪಾಲು ಮಾತ್ರ ನಡೆಯುತ್ತ ಬಂತು.

ಹೋದ ವಾರ ನಾನು ಹೊಲಕ್ಕೆ ಹೋದಾಗ ಬೇವಿನ ಕೆಳಗೆ ಸೀರೆ ಹಾಸಿ ಗುಡ್ಡೆ ಮಾಡಿಯಾಗಿತ್ತು. ಅಣ್ಣೆಸೊಪ್ಪು, ಗೋಣಿಪಲ್ಯ, ಎಳೆ ಪುಂಡಿ. ಮಾಣಿಕಮ್ಮನಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ಬುಡಕ್ಕೆ ಒರಗಿ ಕುಳಿತಿದ್ದಳು.

"ಯಾರು?"

"ನಾನು. ಕಂಡಕ್ಟರ್."

"ಬರ್ರಿ. ಕುಂದ್ರಿ."

ಮಹಾನಂದಾ ತೀರಿದಾಗ ಅವಳು ಬಂದಿದ್ದಳು. ಮತ್ತೆ ಆ ಮಾತು ಎತ್ತಲಿಲ್ಲ. ನಾನು ಹೇಳಬೇಕಾದ್ದನ್ನು ನಾಲಿಗೆಯ ತುದಿಗೆ ತಂದುಕೊಂಡೆ. ಅಷ್ಟರಲ್ಲಿ ಸಿದ್ಧಾರ್ಥ ಸೊಪ್ಪಿನ ಕೈ ಝಾಡಿಸುತ್ತ ಬಂದ. ಅವನ ತಲೆಯಲ್ಲೂ ಬಿಳಿ ಕೂದಲು ಬಂದಿದೆ.

"ಛಲೋ ಆತು, ಅಣ್ಣಾ. ಕೂಗಾಕ ಯಾರೂ ಇಲ್ಲ. ಜರಾ ಹಿಂದಕ್ಕ ತಿರುಗ್ರಿ."

ತಿರುಗಿ ನಿಂತೆ. ಎದುರಿಗೆ ರಸ್ತೆ. ಅವಳು ನೋಡುತ್ತಿದ್ದ ರಸ್ತೆ. ಮೊದಲು ಇದೊಂದು ಮುಗಿಯಲಿ, ಆಮೇಲೆ ಹೇಳೋಣ ಎಂದುಕೊಂಡೆ.

"ಇದು ಯಾರ್ದು?"

"ಸರೋಜಾ."

"ಇದು?"

"ಖಾಲಾ." ಖಾಲಾಳ ಸೊಸೆ ಒಯ್ಯುತ್ತಾಳೆ. ಹೆಸರು ಮಾತ್ರ ಖಾಲಾಳದೇ.

"ಇದು?"

"ವರಲಕ್ಷ್ಮಿ." ಆ ಪಾಲು ಈಗ ದಪ್ಪ ಮೀಸೆಯ ಒಬ್ಬ ಮೇಷ್ಟ್ರದು. ವರಲಕ್ಷ್ಮಿ ಎಂದು ಕೂಗಿದರೆ ಅವರೇ ಓಗೊಡುತ್ತಾರೆ.

ಸುಶೀಲಾ ಆಯಿತು, ಭಾರತಿ ಆಯಿತು.

"ಇದು ಯಾರ್ದು?"

ರಸ್ತೆಯಲ್ಲಿ ಯಾರೂ ಇರಲಿಲ್ಲ. ಬಿಡುತ್ತೇನೆ ಎಂದು ಹೇಳಲು ಅದೇ ಸರಿಯಾದ ಹೊತ್ತು. ಅವನು ಇನ್ನೊಮ್ಮೆ ಕೇಳಲಿಲ್ಲ. ಕಾಯುತ್ತಿದ್ದ.

"ಮಹಾನಂದಾ" ಅಂದೆ.

ಅವಳು ಹೋದ ಮೇಲೆ ಆ ಹೆಸರು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಆಕಿ ಊರಾಗ ಇಲ್ಲ ಎಂಬ ಮಾತಿಗೆ ಕಾದೆ. ಅದು ಬರಲಿಲ್ಲ. ಹಿಂದೆ ಬಟ್ಟೆ ಎಳೆದು ಗಂಟು ಬಿಗಿಯುವ ಸದ್ದಷ್ಟೇ ಕೇಳಿಸಿತು.

"ಹಾದಿ ಪಾಲ ಬಾಯಿ ಕಟ್ಟಬ್ಯಾಡ. ಬೇಕಾದವರು ತಗೋಳ್ಲಿ" ಎಂದು ಮಾಣಿಕಮ್ಮ ಮಗನಿಗೆ ಹೇಳುತ್ತಿದ್ದಳು.

ಜಹೀರಾಬಾದಿನ ಬಸ್ಸು ಬಂತು. ಖಾಲಿಯೇ ಇತ್ತು. ಕಂಡಕ್ಟರ್ ಹೊಸ ಹುಡುಗಿ, ನನ್ನ ಗುರುತಿಲ್ಲ. ಗಂಟು ನೋಡಿ, "ದೊಡ್ಡದದ, ಕಾಕಾ. ಇದಕ್ಕೂ ಟಿಕೇಟ್ ತಗೋಬೇಕ್ರಿ" ಅಂದಳು.

ತಗೊಂಡೆ. ಗಂಟನ್ನು ಕಿಟಕಿಯ ಸೀಟಿನ ಮೇಲೆ ಇಟ್ಟು ನಾನು ಪಕ್ಕದಲ್ಲಿ ಕುಳಿತೆ.